ಜೋಡಿಲೇ ಇರ್ರಪ್ಪಾ ಎಂದು ಕಳಿಸಿದರು

ಸಂಡೂರು ತಾಲ್ಲೂಕಿನ ಬಂಡ್ರಿಯ ಶಾಲೆಯಲ್ಲಿ ನಮ್ಮಿಬ್ಬರಿಗೂ ಒಂದೇ ಬೆಂಚು. ಪಠ್ಯಪುಸ್ತಕ ತಡವಾಗಿ ಬಂದ ವರ್ಷಗಳಲ್ಲಿ ಇಬ್ಬರಿಗೂ ಒಂದೇ ಪುಸ್ತಕ. ಒಬ್ಬನ ಮನೆಯಲ್ಲಿ ಕರೆಂಟು ಹೋದರೆ ಇನ್ನೊಬ್ಬನ ಮನೆಯ ಕಟ್ಟೆ. ಒಬ್ಬನಿಗೆ ಲೆಕ್ಕ ಬರುತ್ತಿತ್ತು, ಇನ್ನೊಬ್ಬನಿಗೆ ಇಂಗ್ಲಿಷು. ಬೆಳಗಿನ ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ನೋಟ್‌ಬುಕ್ಕುಗಳು ಕೈ ಬದಲಾಯಿಸಿ ಮತ್ತೆ ಚೀಲ ಸೇರುತ್ತಿದ್ದವು. ಮೇಷ್ಟ್ರಿಗೆ ಇದು ಗೊತ್ತಿತ್ತು, ಅವರು ಬೈದದ್ದು ನೆನಪಿಲ್ಲ. ತನಗೆ ಬಂದದ್ದನ್ನು ಪಕ್ಕದವನಿಗೆ ಹೇಳಿಕೊಡದವನು ಕಲಿತೂ ದಂಡ ಎಂದು ಅವರೇ ಹೇಳುತ್ತಿದ್ದರು.

ನಮ್ಮಲ್ಲೊಬ್ಬನ ಅಬ್ಬಾ ರಸ್ತೆ ಬದಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟವರು. ಇನ್ನೊಬ್ಬನ ಅಪ್ಪನಿಗೆ ಮೂರು ಎಕರೆ ಹೊಲ, ಜೊತೆಗೆ ಸಾಲದ ಮೇಲೆ ತಂದ ಒಂದು ಲಾರಿ. ಅದಿರು ಹೊಡೆಯುತ್ತಿದ್ದ ಆ ಲಾರಿ ಕೆಟ್ಟು ನಿಂತಾಗಲೆಲ್ಲ ಅಬ್ಬಾನ ಗ್ಯಾರೇಜಿಗೇ ಬರುತ್ತಿತ್ತು. ಎರಡು ಮನೆಗಳ ಸಂಬಂಧ ಬೆಳೆದದ್ದು ಹಾಗೆ. ಮೊಹರಂನಲ್ಲಿ ಪೀರಲು ಕೂತಾಗ ಎರಡೂ ಮನೆಯಿಂದ ಸಕ್ಕರೆ ಓದಿಸುತ್ತಿದ್ದರು. ಅಲಾಯಿ ಕುಣಿಯುವಾಗ ಯಾರು ಯಾರ ಮಗ ಎಂದು ನಮ್ಮೂರಲ್ಲಿ ಯಾರೂ ಕೇಳುತ್ತಿರಲಿಲ್ಲ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ಪರ್ಮಿಟ್ ಕೊಡುವುದನ್ನು ನಿಲ್ಲಿಸಿತು. ಮರುವರ್ಷ, 2011ರ ಜುಲೈ 29ರಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ಗುಡ್ಡಗಳನ್ನು ಬಗೆದು ಸಾಗಿಸಿದ ಅನ್ಯಾಯಕ್ಕೆ ಅದು ಬೇಕಾಗಿತ್ತು ಎಂಬುದು ದೊಡ್ಡವರಾದ ಮೇಲೆ ನಮಗೆ ಅರ್ಥವಾಯಿತು. ಆಗ ನಮಗೆ ಹನ್ನೆರಡು ವರ್ಷ. ಕಂಡದ್ದು ಇಷ್ಟೇ: ಲಾರಿ ಗ್ಯಾರೇಜಿನ ಮುಂದೆ ತಿಂಗಳುಗಟ್ಟಲೆ ನಿಂತಿತು. ಒಂದು ದಿನ ಫೈನಾನ್ಸಿನವರು ಬಂದು ಅದನ್ನು ತೆಗೆದುಕೊಂಡು ಹೋದರು. ಅಬ್ಬಾ ಅವರಿಗೆ ಟೈರಿನ ಗಾಳಿ ನೋಡಿ ಕೊಟ್ಟರು. ಆ ಸಂಜೆ ಎರಡೂ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. 2013ರಲ್ಲಿ ಗಣಿಗಳು ಒಂದೊಂದಾಗಿ ಮತ್ತೆ ತೆರೆದವು, ಆದರೆ ಹೋದ ಲಾರಿ ಬರಲಿಲ್ಲ.

ಹೊಸಪೇಟೆಗೆ ಬಸ್ ಪಾಸಿನಲ್ಲಿ ಓಡಾಡಿ, ಆಮೇಲೆ ರೂಮು ಮಾಡಿ, ಇಬ್ಬರೂ ಇಂಜಿನಿಯರಿಂಗ್ ಮುಗಿಸಿದೆವು. ಅಲ್ಲಿಯೂ ಕೂಡಿಯೇ ಓದಿದ್ದು. ಲ್ಯಾಬ್ ರೆಕಾರ್ಡುಗಳನ್ನು ಸೀನಿಯರುಗಳಿಂದ ತಂದು ನಕಲು ಮಾಡುವುದು ಕಾಲೇಜಿನ ಪದ್ಧತಿಯೇ ಆಗಿತ್ತು. ನೀಟಾಗಿ ನಕಲು ಮಾಡಿದವನಿಗೆ ಹೆಚ್ಚು ಅಂಕ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಇದನ್ನು ಮುಚ್ಚಿಡುವ ಹಾಗಿಲ್ಲ.

ಲಾರಿಯ ಮನೆಯಲ್ಲಿ ಬೆಳೆದವರು ಸರಕು ಸಾಗಣೆಯ ವಿದ್ಯೆಯನ್ನೇ ಯಾಕೆ ಓದಬಾರದು ಎಂಬ ಯೋಚನೆ ನಮ್ಮದೇ. ಇಂಗ್ಲೆಂಡಿನಲ್ಲಿ ಒಂದೇ ವರ್ಷದಲ್ಲಿ ಮುಗಿಯುವ ಸ್ನಾತಕೋತ್ತರ ಓದು ಇದೆ, ಮುಗಿದ ಮೇಲೆ ಎರಡು ವರ್ಷ ಅಲ್ಲೇ ಕೆಲಸ ಮಾಡಬಹುದು ಎಂದು ತಿಳಿಯಿತು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಐದು ವಿಶ್ವವಿದ್ಯಾಲಯಗಳಿವೆ, ಅವುಗಳಲ್ಲೊಂದು ಇಬ್ಬರಿಗೂ ಸೀಟು ಕೊಟ್ಟಿತು. ಒಂದು ಮನೆ, ಒಂದು ಹೊಲ ಬ್ಯಾಂಕಿಗೆ ಅಡವಾದವು. ಫೀಸಿನ ಮಾತು ಬೇರೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲು ಒಂಬತ್ತು ತಿಂಗಳ ಊಟ-ವಸತಿಯ ದುಡ್ಡು, ಆಗಿನ ಲೆಕ್ಕದಲ್ಲಿ 9,207 ಪೌಂಡು, ಖಾತೆಯಲ್ಲಿ ಎಡೆಬಿಡದೆ 28 ದಿನ ಇರಬೇಕು. ಒಂದು ದಿನ ಒಂದು ರೂಪಾಯಿ ಕಡಿಮೆಯಾದರೂ ಅರ್ಜಿ ಬಿದ್ದುಹೋಗುತ್ತದೆ. ಬೆಂಗಳೂರಿಗೆ ಹೋಗಿ ಕ್ಷಯರೋಗದ ತಪಾಸಣೆ ಮಾಡಿಸಿದೆವು. ವೀಸಾ ಶುಲ್ಕ 363 ಪೌಂಡು. ಆಸ್ಪತ್ರೆಯ ಸೌಲಭ್ಯಕ್ಕೆ ವರ್ಷಕ್ಕೆ 470 ಪೌಂಡು ಮೊದಲೇ ಕಟ್ಟಿದೆವು. ಅಲ್ಲಿಯ ನಿಯಮಗಳ ಮೊದಲ ರುಚಿ ನಮಗೆ ಬಂಡ್ರಿಯಲ್ಲಿಯೇ ಸಿಕ್ಕಿತು.

2022ರ ಸೆಪ್ಟೆಂಬರಿನಲ್ಲಿ ಹೊರಟೆವು. ಬಸ್ ನಿಲ್ದಾಣಕ್ಕೆ ಎರಡೂ ಮನೆಯವರು ಬಂದಿದ್ದರು. ಅಪ್ಪ ಹೇಳಿದ್ದು ಒಂದೇ ಮಾತು: "ಇಬ್ರೂ ಜೋಡಿಲೇ ಇರ್ರಪ್ಪಾ. ಒಬ್ರನ್ನೊಬ್ರು ಕೈ ಬಿಡಬ್ಯಾಡ್ರಿ." ಅಬ್ಬಾ ತಲೆ ಅಲ್ಲಾಡಿಸಿದರು.

ಬರ್ಮಿಂಗ್‌ಹ್ಯಾಮ್ ಎಂದರೆ ಕನ್ನಡ ಓದುವವರಿಗೆ ತೀರಾ ಪರಕೀಯ ಊರಲ್ಲ. ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಲ್ಲಿಗೆ ಬಂದು, 1966ರಲ್ಲಿ ಇಲ್ಲಿಯ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. 1965ರಲ್ಲಿ ಹೊರಬಂದ 'ಸಂಸ್ಕಾರ' ಕಾದಂಬರಿಯನ್ನು ಅವರು ಬರೆದದ್ದು ಈ ಊರಿನಲ್ಲಿ ಇದ್ದಾಗಲೇ. ಮೊದಲ ವಾರ ಚಳಿಯಲ್ಲಿ ನಡೆಯುತ್ತ ನಾವು ಈ ಮಾತನ್ನು ಹಲವು ಸಲ ಆಡಿಕೊಂಡೆವು. ದೂರ್ವಾಸಪುರದ ಅಗ್ರಹಾರ ಇಲ್ಲಿಯ ಮಂಜಿನಲ್ಲಿ ಹುಟ್ಟಬಹುದಾದರೆ ಬಂಡ್ರಿಯ ನಾವೂ ಇಲ್ಲಿ ಬದುಕಿಕೊಳ್ಳಬಹುದು ಎಂದು ಸಮಾಧಾನ.

ಬದುಕಿಕೊಳ್ಳುವುದು ಎಂದರೆ ನಿಯಮಗಳ ನಡುವೆ ಜಾಗ ಮಾಡಿಕೊಳ್ಳುವುದು ಎಂದು ಬೇಗ ತಿಳಿಯಿತು. ಬಂದ ಹತ್ತು ದಿನದೊಳಗೆ ಅಂಚೆ ಕಚೇರಿಗೆ ಹೋಗಿ ವಾಸದ ಪರವಾನಗಿ ಕಾರ್ಡು ತಂದೆವು. ತರಗತಿಯ ಬಾಗಿಲಲ್ಲಿ ಗುರುತಿನ ಚೀಟಿಯನ್ನು ಯಂತ್ರಕ್ಕೆ ಮುಟ್ಟಿಸಿದರೆ ಹಾಜರಿ. ನಮ್ಮ ವೀಸಾಕ್ಕೆ ವಿಶ್ವವಿದ್ಯಾಲಯವೇ ಜವಾಬ್ದಾರಿ. ನಾವು ತರಗತಿಗೆ ಬರುವುದನ್ನು ಬಿಟ್ಟರೆ ಅದು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅದೇ ಬೆಂಚಿನಲ್ಲಿ ಕೂತ ಇಂಗ್ಲಿಷ್ ಹುಡುಗ ಒಂದು ವಾರ ಚಕ್ಕರ್ ಹಾಕಿದರೆ ಅವನಿಗೆ ಒಂದು ಇಮೇಲು ಬರುತ್ತದೆ. ನಮಗೆ ಅದೇ ಇಮೇಲಿನ ಹಿಂದೆ ವಿಮಾನದ ಸದ್ದು ಕೇಳಿಸುತ್ತಿತ್ತು.

ಪಾಠ ಹೇಳುವವರನ್ನು ಹೆಸರು ಹಿಡಿದು ಕರೆಯಬೇಕು. ನಮ್ಮ ಬಾಯಿಗೆ ಅದು ಬರಲಿಲ್ಲ. ನರೆತ ಕೂದಲಿನ ಪ್ರಾಧ್ಯಾಪಕಿಯನ್ನು ಬರಿಯ ಹೆಸರಿನಿಂದ ಕೂಗುವುದು ಹೇಗೆ? ಎರಡು ತಿಂಗಳು ಅವರನ್ನು ಏನೂ ಕರೆಯದೆ, ಎದುರಿಗೆ ಹೋಗಿ ನಿಂತು ಕೆಮ್ಮಿ ಮಾತು ಶುರುಮಾಡುತ್ತಿದ್ದೆವು.

ಅಡುಗೆಮನೆಯ ನಿಯಮ ಇನ್ನೊಂದು. ವಿದ್ಯಾರ್ಥಿ ವಸತಿಯಲ್ಲಿ ಆರು ಜನಕ್ಕೆ ಒಂದು ಅಡುಗೆಮನೆ. ಚಾವಣಿಯಲ್ಲಿ ಹೊಗೆ ಪತ್ತೆ ಮಾಡುವ ಯಂತ್ರ. ಒಣಮೆಣಸಿನಕಾಯಿಯ ಒಗ್ಗರಣೆ ಚುರ್ ಎಂದದ್ದೇ ತಡ, ಇಡೀ ಕಟ್ಟಡಕ್ಕೆ ಕಿವಿಗಡಚಿಕ್ಕುವ ಅಲಾರಂ. ನೂರಾರು ಜನ ಚಪ್ಪಲಿಯಲ್ಲೇ ಮಳೆಗೆ ಇಳಿದು ನಿಂತರು. ಯಾರು ಕಾರಣ ಎಂದು ನಮ್ಮ ಮುಖವೇ ಹೇಳುತ್ತಿತ್ತು. ಆ ಯಂತ್ರಕ್ಕೆ ಬಟ್ಟೆ ಕಟ್ಟಿದರೆ ದಂಡ. ಗುಜರಾತಿಗಳ ಅಂಗಡಿಯಲ್ಲಿ 'ಜುವಾರ್' ಎಂಬ ಹೆಸರಿನ ಪೊಟ್ಟಣ ಸಿಕ್ಕಿತು, ಒಡೆದು ಮೂಸಿದರೆ ನಮ್ಮ ಜೋಳದ ಹಿಟ್ಟು! ಅಂದೇ ರಾತ್ರಿ ಕೆಲಸದಿಂದ ಬಂದವರು ರೊಟ್ಟಿ ಬಡಿಯತೊಡಗಿದೆವು. ಕೆಳಗಿನ ಕೋಣೆಯ ಹುಡುಗಿ ಮೇಲೆ ಬಂದು, ಗೋಡೆಗೆ ಏನನ್ನು ಹೊಡೆಯುತ್ತಿದ್ದೀರಿ ಎಂದು ಕೇಳಿದಳು. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಸದ್ದು ಮಾಡುವಂತಿಲ್ಲ ಎಂಬುದು ಒಪ್ಪಂದದಲ್ಲೇ ಇತ್ತು. ನಾವು ಸಹಿ ಹಾಕಿದ್ದೆವು, ಓದಿರಲಿಲ್ಲ. ಮರುದಿನ ಅವಳಿಗೆ ಎರಡು ರೊಟ್ಟಿ ಕೊಟ್ಟೆವು. ಆಮೇಲೆ ಸಂಜೆ ಆರಕ್ಕೇ ರೊಟ್ಟಿ.

ಕೆಲಸದ ನಿಯಮದಲ್ಲಿ ನಗುವಂಥದ್ದೇನೂ ಇರಲಿಲ್ಲ. ವಾರಕ್ಕೆ 20 ಗಂಟೆ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ. ವಾರ ಎಂದರೆ ಸೋಮವಾರದಿಂದ ಭಾನುವಾರ. ಭಾನುವಾರ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಿಗ್ಗೆ ಆರಕ್ಕೆ ಮುಗಿಯುವ ಪಾಳಿಯಲ್ಲಿ ಎರಡು ಗಂಟೆ ಒಂದು ವಾರಕ್ಕೆ, ಆರು ಗಂಟೆ ಇನ್ನೊಂದಕ್ಕೆ. ಬೇಸಿಗೆಯಲ್ಲಿ ರಜೆ ಎಂದುಕೊಂಡರೆ ಸ್ನಾತಕೋತ್ತರದವರಿಗೆ ಪ್ರಬಂಧ ಬರೆಯುವ ಆ ಕಾಲವೂ ಓದಿನ ಅವಧಿಯೇ. ಮೋಟಾರ್‌ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುವುದರಿಂದ ವಿದ್ಯಾರ್ಥಿ ವೀಸಾದವರು ಅದನ್ನು ಮಾಡುವಂತಿಲ್ಲ. ಬೇರೆಯವರ ಖಾತೆಯಲ್ಲಿ ಓಡಿಸು, ಯಾರು ನೋಡುತ್ತಾರೆ ಎಂದು ನಮ್ಮ ದೇಶದವರೇ ಒಬ್ಬರು ಹೇಳಿದರು. ನಾವು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸವನ್ನೇ ಹಿಡಿದೆವು. ಗಂಟೆಗೆ ಒಂಬತ್ತೂವರೆ ಪೌಂಡು, ಆಗಿನ ಕನಿಷ್ಠ ಕೂಲಿ. ಬಾಡಿಗೆ ಕೊಟ್ಟ ಮೇಲೆ ಉಳಿಯುವುದು ಅಕ್ಕಿ-ಬೇಳೆಗೆ ಸಾಕಾಗುತ್ತಿತ್ತು.

ಆ ಚಳಿಗಾಲದಲ್ಲಿ ಊರಿನಿಂದ ಇನ್ನೊಂದು ಸುದ್ದಿ ಬಂತು. ಅಲ್ಪಸಂಖ್ಯಾತ ಸಮುದಾಯದ ಬಡ ಮಕ್ಕಳು ವಿದೇಶದ ಓದಿಗೆ ಮಾಡಿದ ಸಾಲದ ಮೇಲೆ, ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ 'ಪಢೋ ಪರದೇಶ್' ಯೋಜನೆ 2013–14ರಿಂದ ಇತ್ತು. ಅದು 2022–23ರಿಂದ ನಿಂತುಹೋಯಿತು. ಗ್ಯಾರೇಜಿನ ಮನೆ ಅದನ್ನು ನಂಬಿಕೊಂಡಿತ್ತು. ಹೊಲ ಅಡವಿಟ್ಟ ಮನೆಗೆ ಮೊದಲಿಂದಲೂ ಅಂಥ ನಂಬಿಕೆಗೆ ಆಸ್ಪದವಿರಲಿಲ್ಲ. ಈಗ ಇಬ್ಬರ ಬಡ್ಡಿಯೂ ಒಂದೇ ಹಾಗೆ ಬೆಳೆಯತೊಡಗಿತು. ಬರ್ಮಿಂಗ್‌ಹ್ಯಾಮಿನಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಜುಹರ್, ಅಸರ್, ಮಗ್ರಿಬ್ ಒಂದರ ಬೆನ್ನಿಗೆ ಒಂದು ಬರುತ್ತವೆ. ಒಬ್ಬ ವಿಶ್ವವಿದ್ಯಾಲಯದ ಪ್ರಾರ್ಥನಾ ಕೋಣೆಯಲ್ಲಿ ನಮಾಜಿಗೆ ನಿಂತಾಗ ಇನ್ನೊಬ್ಬ ಹೊರಗೆ ಎರಡು ಚೀಲ, ಎರಡು ಕೋಟು ಹಿಡಿದು ಕೂರುತ್ತಿದ್ದ.

ಇಂಥ ದಿನಗಳಲ್ಲೇ ಆ ಬರಹ ಬರೆಯಬೇಕಾಗಿ ಬಂತು. ಯಾವುದಾದರೂ ಒಂದು ಸರಕು ಸಾಗಣೆಯ ವ್ಯವಸ್ಥೆ ಮುರಿದುಬಿದ್ದದ್ದನ್ನು ಆರಿಸಿಕೊಂಡು, ಯಾಕೆ ಮುರಿಯಿತು ಎಂದು ಮೂರು ಸಾವಿರ ಪದಗಳಲ್ಲಿ ವಿವರಿಸಬೇಕು. ನಮಗೆ ಯೋಚಿಸುವುದೇನಿತ್ತು? ಸಂಡೂರಿನ ಅದಿರು! ಅಡುಗೆಮನೆಯ ಮೇಜಿನ ಮೇಲೆ ಎರಡು ರಾತ್ರಿ ಕೂತೆವು. ಗಣಿಯಿಂದ ಕಾಟಾ, ಕಾಟಾದಿಂದ ಪರ್ಮಿಟ್, ಅಲ್ಲಿಂದ ರೈಲು ಅಥವಾ ಬಂದರು. ಒಂದು ಲಾರಿಗೆ ಎಷ್ಟು ಹೆಚ್ಚುವರಿ ತೂಕ ಹೇರುತ್ತಿದ್ದರು, ಧೂಳಿಗೆ ಬೆಳೆ ಹೇಗೆ ಕೆಂಪಾಗುತ್ತಿತ್ತು, ಗಣಿ ನಿಂತ ದಿನ ಗ್ಯಾರೇಜಿನಲ್ಲಿ ಏನಾಯಿತು. ಒಬ್ಬ ನೆನಪಿಸಿದ, ಇನ್ನೊಬ್ಬ ಬರೆದ. ಬರೆದದ್ದನ್ನು ಮೊದಲಿನವನು ತಿದ್ದಿದ. ಆಮೇಲೆ ಅದೇ ಬರಹದ ಎರಡು ಪ್ರತಿ ಮಾಡಿ, ಒಬ್ಬೊಬ್ಬರೂ ತಮ್ಮ ತಮ್ಮ ಇಂಗ್ಲಿಷಿನಲ್ಲಿ ವಾಕ್ಯಗಳನ್ನು ಬದಲಿಸಿ, ಗಡುವಿನ ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕಂಪ್ಯೂಟರಿಗೆ ಏರಿಸಿದೆವು. ಅಷ್ಟು ಮನಸ್ಸಿಟ್ಟು ನಾವು ಹಿಂದೆಂದೂ ಬರೆದಿರಲಿಲ್ಲ. ನಮ್ಮ ಬದುಕಿನ ಬಗ್ಗೆ ನಮ್ಮನ್ನು ಯಾರೋ ಮೊದಲ ಸಲ ಕೇಳಿದ್ದರು.

ಮೂರು ವಾರದ ಮೇಲೆ, 2023ರ ಫೆಬ್ರವರಿಯಲ್ಲಿ, ಇಬ್ಬರಿಗೂ ಬೇರೆ ಬೇರೆ ಇಮೇಲು ಬಂತು. ಒಳಗಿನ ಮಾತು ಒಂದೇ: ನಿಮ್ಮ ಬರಹ ಇನ್ನೊಬ್ಬ ವಿದ್ಯಾರ್ಥಿಯ ಬರಹದೊಂದಿಗೆ ಗಣನೀಯವಾಗಿ ಹೋಲುತ್ತದೆ, ವಿಚಾರಣೆಗೆ ಬನ್ನಿ. ಹೋಲಿಕೆ ಹುಡುಕುವ ಟರ್ನಿಟಿನ್ ಎಂಬ ಯಂತ್ರ ವಾಕ್ಯಗಳನ್ನು ಹಿಡಿದಿತ್ತು. ಓದಿದ ಅಧ್ಯಾಪಕರು ಯಂತ್ರಕ್ಕೆ ಸಿಗದ್ದನ್ನು ಹಿಡಿದಿದ್ದರು. ಸುಪ್ರೀಂ ಕೋರ್ಟಿನ ತಡೆಯ ವರ್ಷವನ್ನು ಇಬ್ಬರೂ 2010 ಎಂದು ಬರೆದಿದ್ದೆವು. ರಾಜ್ಯದ ರಫ್ತು ನಿಷೇಧವನ್ನೂ ಕೋರ್ಟಿನ ಆಜ್ಞೆಯನ್ನೂ ಕಲಸಿಬಿಟ್ಟಿದ್ದೆವು. ಸರಿಯಾದ ಮಾತು ಇಬ್ಬರಲ್ಲಿ ಒಂದೇ ಇರಬಹುದು, ಆದರೆ ತಪ್ಪು ಒಂದೇ ಇದ್ದರೆ ಯಾರು ನಂಬುತ್ತಾರೆ?

ಮೊದಲು ಪಾಠದ ಮುಖ್ಯಸ್ಥರ ಮುಂದೆ ಒಬ್ಬೊಬ್ಬರಾಗಿ ಹೋದೆವು. ಅಲ್ಲಿ ನಾವು ಮಾಡಿದ್ದು ದೊಡ್ಡ ದಡ್ಡತನ. ಒಳಹೋಗುವ ಮೊದಲು ಮಾತಾಡಿಕೊಂಡಿರಲಿಲ್ಲ. ಒಬ್ಬ ಹೇಳಿದ: ನಾನೇ ಅವನದನ್ನು ನೋಡಿ ಬರೆದೆ, ಅವನದೇನೂ ತಪ್ಪಿಲ್ಲ. ಅರ್ಧ ಗಂಟೆ ಬಿಟ್ಟು ಒಳಹೋದ ಇನ್ನೊಬ್ಬನೂ ಅದನ್ನೇ ಹೇಳಿದ: ನಾನೇ ಅವನದನ್ನು ನೋಡಿದ್ದು. ಊರಲ್ಲಿ ಆಗಿದ್ದರೆ ಇದನ್ನು ಗೆಳೆತನ ಎನ್ನುತ್ತಿದ್ದರು. ಅಲ್ಲಿ ಇಬ್ಬರೂ ಸುಳ್ಳು ಹೇಳಿದಂತಾಯಿತು. ಪ್ರಕರಣ ಮೂವರ ಸಮಿತಿಗೆ ಹೋಯಿತು. ನಿಯಮದ ಪುಸ್ತಕ ತೆರೆದು ನೋಡಿದರೆ ಶಿಕ್ಷೆಯ ಪಟ್ಟಿಯ ಕೊನೆಯಲ್ಲಿ ವಿಶ್ವವಿದ್ಯಾಲಯದಿಂದ ಹೊರಹಾಕುವುದೂ ಇತ್ತು. ಹೊರಹಾಕಿದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಒಂದು ಮನೆ, ಮೂರು ಎಕರೆ ಹೊಲ. ನಮ್ಮ ಮನಸ್ಸು ಆ ರಾತ್ರಿಗಳಲ್ಲಿ ಗ್ಯಾರೇಜಿನ ಮುಂದೆ ನಿಂತಿದ್ದ ಲಾರಿಗೇ ಹೋಗಿ ನಿಲ್ಲುತ್ತಿತ್ತು.

ಊರಿಗೆ ಫೋನು ಮಾಡಿದಾಗ ಎಲ್ಲ ಚೆನ್ನಾಗಿದೆ ಎಂದೆವು.

ನಮಗೆ ತಿಳಿದ ದಾರಿ ಒಂದೇ, ದೊಡ್ಡವರ ಕೈಕಾಲು ಹಿಡಿಯುವುದು. ಪ್ರಾಧ್ಯಾಪಕಿಗೆ ಉದ್ದದ ಪತ್ರ ಬರೆದೆವು. ಅಪ್ಪನ ಸಾಲ, ಅಬ್ಬಾನ ಸಕ್ಕರೆ ಕಾಯಿಲೆ, ಎಲ್ಲವನ್ನೂ ಅದರಲ್ಲಿ ತುಂಬಿದೆವು. ಕಳಿಸುವ ಮೊದಲು ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ಹೋದದ್ದು ನಮ್ಮ ಪುಣ್ಯ. ಅದು ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿದ್ದಲ್ಲ, ದುಡ್ಡೂ ಇಲ್ಲ. ಅಲ್ಲಿದ್ದ ಹೆಣ್ಣುಮಗಳ ಅಜ್ಜ ಮೀರ್‌ಪುರದಿಂದ ಬಂದು ಇಲ್ಲಿಯ ಕಾರ್ಖಾನೆಯಲ್ಲಿ ದುಡಿದವರಂತೆ. ಆಕೆ ನಮ್ಮ ಪತ್ರ ಓದಿ ಮಡಚಿಟ್ಟರು. "ಇದರಲ್ಲಿ ನಿಮ್ಮ ಕಷ್ಟ ಇದೆ, ನಡೆದದ್ದು ಇಲ್ಲ. ಅವರಿಗೆ ಬೇಕಾಗಿರುವುದು ನಡೆದದ್ದು" ಎಂದರು. ನಮ್ಮ ಕರಡುಗಳು, ಟಿಪ್ಪಣಿ ಹಾಳೆಗಳು, ಕಂಪ್ಯೂಟರಿನಲ್ಲಿ ಯಾವ ದಿನ ಯಾವ ಗಂಟೆಗೆ ಏನು ಬರೆದೆವು ಎಂಬ ದಾಖಲೆ, ಎಲ್ಲವನ್ನೂ ತರಲು ಹೇಳಿದರು. ಬೇರೆಯವರದನ್ನು ತನ್ನದೆಂದು ಕದಿಯುವುದು ಒಂದು, ಒಬ್ಬೊಬ್ಬರೇ ಬರೆಯಬೇಕಾದ್ದನ್ನು ಕೂಡಿ ಬರೆಯುವುದು ಇನ್ನೊಂದು, ದುಡ್ಡು ಕೊಟ್ಟು ಬರೆಸುವುದು ಮತ್ತೊಂದು ಎಂದು ಬಿಡಿಸಿ ಹೇಳಿದರು. ದುಡ್ಡಿಗೆ ಬರೆದುಕೊಡುವ ವ್ಯಾಪಾರವನ್ನಂತೂ ಇಂಗ್ಲೆಂಡಿನಲ್ಲಿ 2022ರ ಒಂದು ಕಾಯ್ದೆ ಅಪರಾಧ ಎಂದೇ ಸಾರಿದೆ. ನಾವು ಮಾಡಿದ್ದು ಎರಡನೆಯದು. ನಾವು ಮಾಡಿದ್ದಕ್ಕೆ ಒಂದು ಹೆಸರಿದೆ ಎಂದು ಆ ದಿನವೇ ಗೊತ್ತಾದದ್ದು.

ಸಮಿತಿಯ ಮುಂದೆಯೂ ಒಬ್ಬೊಬ್ಬರಾಗಿಯೇ ಹೋಗಬೇಕಾಯಿತು. ಈ ಸಲ ಇಬ್ಬರೂ ನಿಜವನ್ನೇ ಹೇಳಿದೆವು. ಮೊದಲು ಹೇಳಿದ್ದು ಸುಳ್ಳು, ಗೆಳೆಯನನ್ನು ಉಳಿಸಲು ಹೇಳಿದ್ದು ಎಂದೂ ಒಪ್ಪಿಕೊಂಡೆವು. ಸಮಿತಿಯವರೊಬ್ಬರು ಕೇಳಿದರಂತೆ: "ಈ ಬರಹದಲ್ಲಿ ನಿನ್ನದೇ ಆದದ್ದು ಯಾವುದು?" ಆ ಪ್ರಶ್ನೆಯನ್ನು ಇಬ್ಬರಿಗೂ ಕೇಳಿದ್ದರು. ಹೊರಗೆ ಬಂದು ಹೋಲಿಸಿ ನೋಡಿದರೆ, ಇಬ್ಬರೂ ಅದಕ್ಕೆ ಬಹಳ ಹೊತ್ತು ಉತ್ತರ ಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ನಾವು ಆ ಪ್ರಶ್ನೆಯನ್ನು ಹಾಕಿಕೊಂಡೇ ಇರಲಿಲ್ಲ.

ತೀರ್ಪು ಹತ್ತು ದಿನಕ್ಕೆ ಬಂತು. ಆ ಬರಹಕ್ಕೆ ಸೊನ್ನೆ. ಮತ್ತೆ ಬರೆದು ಕೊಡಬಹುದು, ಎಷ್ಟೇ ಚೆನ್ನಾಗಿ ಬರೆದರೂ ತೇರ್ಗಡೆಯ 50 ಅಂಕಕ್ಕಿಂತ ಹೆಚ್ಚಿಲ್ಲ. ಓದು ಮುಂದುವರಿಯುತ್ತದೆ. ಒಬ್ಬ ಜೋರಾಗಿ ಅತ್ತ. ಯಾರು ಎಂದು ಬರೆಯುವುದು ಬೇಡ.

ಆ ರಾತ್ರಿ ಊರಿಗೆ ಫೋನು ಮಾಡಿ ಎಲ್ಲ ಹೇಳಿದೆವು. ಅಪ್ಪ, ಅಬ್ಬಾ ಇಬ್ಬರೂ ಗ್ಯಾರೇಜಿನಲ್ಲೇ ಕೂತಿದ್ದರು. ಅಪ್ಪ ಮೌನವಾಗಿ ಕೇಳಿ, ಕೊನೆಗೆ ಹೇಳಿದರು: "ಜೋಡಿಲೇ ಇರ್ರಿ ಅಂದಿದ್ದೆ ಖರೆ. ಒಂದೇ ಲೈಸೆನ್ಸಿನಾಗ ಇಬ್ರೂ ಗಾಡಿ ಓಡಿಸ್ರಿ ಅಂದಿದ್ನೇನು?" ಹಿಂದಿನಿಂದ ಅಬ್ಬಾ ನಕ್ಕದ್ದು ಕೇಳಿಸಿತು. ಮೂರು ವಾರದ ಭಾರ ಅಲ್ಲಿಗೆ ಇಳಿಯಿತು.

ಎರಡನೆಯ ಸಲ ಬರೆಯುವಾಗ ಬೇರೆ ಬೇರೆ ಗ್ರಂಥಾಲಯದಲ್ಲಿ ಕೂತೆವು. ಒಬ್ಬ ಅದಿರನ್ನೇ ಇಟ್ಟುಕೊಂಡ, ವರ್ಷ ಸರಿಮಾಡಿ, ಕೋರ್ಟಿನ ಆಜ್ಞೆಯನ್ನು ಹುಡುಕಿ ಓದಿ. ಇನ್ನೊಬ್ಬ ಹೊಸಪೇಟೆಯ ಬಾಳೆಹಣ್ಣಿನ ಮಾರುಕಟ್ಟೆಯನ್ನು ಆರಿಸಿಕೊಂಡ. ಇಬ್ಬರಿಗೂ ಬಂದದ್ದು ಐವತ್ತೇ. ಆದರೆ ಬಾಳೆಹಣ್ಣಿನ ವಿಚಾರದಲ್ಲಿ ಅವನಿಗೆ ಅಷ್ಟು ತಿಳುವಳಿಕೆ ಇದೆಯೆಂದು, ಒಂದೇ ಬೆಂಚಿನಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಗೊತ್ತಿರಲಿಲ್ಲ. ಇದು ನಮ್ಮನ್ನು ಯೋಚನೆಗೆ ಹಚ್ಚಿತು. ಕೂಡಿ ಓದುವುದರಲ್ಲಿ ನಾವು ಎಷ್ಟೋ ಪಡೆದಿದ್ದೆವು. ಒಬ್ಬರ ಹಿಂದೆ ಒಬ್ಬರು ಅಡಗಿಕೊಂಡೂ ಇದ್ದೆವು. ಲೆಕ್ಕ ಬಾರದವನು ಲೆಕ್ಕ ಕಲಿಯಲೇ ಇಲ್ಲ, ಇಂಗ್ಲಿಷು ಬಾರದವನು ಇಂಗ್ಲಿಷು ಕಲಿಯಲಿಲ್ಲ. ನಮ್ಮ ಮೇಷ್ಟ್ರ ಮಾತು ತಪ್ಪಲ್ಲ. ಹೇಳಿಕೊಡು ಎಂದಿದ್ದರು, ಬರೆದುಕೊಡು ಎಂದಿರಲಿಲ್ಲ.

ಹಾಗೆಂದು ಅಲ್ಲಿಯದೆಲ್ಲ ಸರಿ, ನಮ್ಮದೆಲ್ಲ ತಪ್ಪು ಎಂದು ಹೇಳಲು ಮನಸ್ಸು ಒಪ್ಪುವುದಿಲ್ಲ. ದೇಶ ಬಿಟ್ಟು ಬಂದವರಿಂದ ಸ್ಥಳೀಯರಿಗಿಂತ ಹೆಚ್ಚು ಫೀಸು ತೆಗೆದುಕೊಳ್ಳುವ ವಿಶ್ವವಿದ್ಯಾಲಯಗಳು ಈ ಮಾತನ್ನು ಮೊದಲ ವಾರದಲ್ಲೇ, ಅರ್ಥವಾಗುವಂತೆ, ಒಂದು ಉದಾಹರಣೆ ಕೊಟ್ಟು ಹೇಳಬಹುದಿತ್ತು. ನಮಗೆ ಸಿಕ್ಕದ್ದು ಅರವತ್ತು ಪುಟದ ಕೈಪಿಡಿಯ ಕೊಂಡಿ. ಒಬ್ಬರ ಊರಿನಲ್ಲಿ ಸದ್ಗುಣವಾದದ್ದು ಇನ್ನೊಬ್ಬರ ಊರಿನಲ್ಲಿ ಅಪರಾಧವಾಗುವುದಾದರೆ ಅದನ್ನು ಮುಂಚೆಯೇ ತಿಳಿಸುವ ಹೊಣೆ ಆ ಊರಿನವರದೂ ಹೌದು. ಕೈಪಿಡಿ ತೆರೆಯದೇ ಇದ್ದದ್ದು ಮಾತ್ರ ನಮ್ಮದೇ ತಪ್ಪು.

ನಿಯಮ ಎಂದರೆ ತಡೆಯುವುದಷ್ಟೇ ಅಲ್ಲ ಎಂಬುದಕ್ಕೆ ಅಂಬೇಡ್ಕರರ ಓದಿನ ಕತೆಯೇ ಇದೆ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೂ 1916ರಲ್ಲಿ ಲಂಡನ್ನಿಗೂ ಹೋದ ಅವರು, ವೇತನದ ಅವಧಿ ಮುಗಿದು 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಬರುವ ಮೊದಲು, ನಾಲ್ಕು ವರ್ಷದೊಳಗೆ ಮರಳಿ ಬಂದು ಮುಂದುವರಿಸಲು ಲಂಡನ್ ವಿಶ್ವವಿದ್ಯಾಲಯದ ಅನುಮತಿ ಪಡೆದುಕೊಂಡರು. 1920ರಲ್ಲಿ ಮರಳಿ ಹೋದರು, 1923ರಲ್ಲಿ ಡಿ.ಎಸ್ಸಿ. ಪಡೆದರು. ಆ ಅನುಮತಿಯೂ ನಿಯಮದೊಳಗೇ ಇದ್ದದ್ದು, ಕೇಳಿ ಪಡೆದದ್ದು. ನಮ್ಮಲ್ಲಿ ಬಡವರ ಮಕ್ಕಳು ನಿಯಮವನ್ನು ಕಂಡರೆ ಹೆದರುತ್ತಾರೆ, ಇಲ್ಲವೇ ಸುತ್ತುಬಳಸಿ ದಾಟುತ್ತಾರೆ. ಕೂತು ಓದುವುದಿಲ್ಲ.

ಅದಾದ ಮೇಲೆ ನಾವು ಓದತೊಡಗಿದೆವು. ಕಾಯಿಲೆ ಬಿದ್ದರೆ ಗಡುವು ಮುಂದೂಡಲು ಅರ್ಜಿ ಇದೆ ಎಂದು ತಿಳಿಯಿತು. ಶುಕ್ರವಾರದ ಜುಮ್ಮಾ ನಮಾಜಿನ ಹೊತ್ತಿಗೇ ಬರುತ್ತಿದ್ದ ತರಗತಿಯನ್ನು ಬೇರೆ ಗುಂಪಿಗೆ ಬದಲಿಸಿಕೊಳ್ಳಬಹುದು ಎಂದು ತಿಳಿಯಿತು, ಕೇಳಿದೆವು, ಬದಲಿಸಿಕೊಟ್ಟರು. ಆ ವರ್ಷ ರಂಜಾನ್ ಮಾರ್ಚ್ 23ಕ್ಕೆ ಶುರುವಾಯಿತು. ಸಹರಿಗೆ ರೊಟ್ಟಿ ಬಡಿಯುವಂತಿಲ್ಲ, ಏಳರವರೆಗೆ ಸದ್ದು ನಿಷಿದ್ಧ. ಆದ್ದರಿಂದ ಉಪವಾಸವಿಲ್ಲದವನು ಸಂಜೆಯೇ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿ ಇಟ್ಟು, ಬೆಳಗಿನ ಜಾವ ಅಲಾರಂ ಇಟ್ಟುಕೊಂಡು ಎದ್ದು ಚಹಾ ಕಾಯಿಸುತ್ತಿದ್ದ. ಅಲ್ಲಿಯ ಯಾವ ನಿಯಮವೂ ಇದಕ್ಕೆ ಅಡ್ಡ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಕೊನೆಯ ಪ್ರಬಂಧ ಕೊಟ್ಟೆವು. ಇಬ್ಬರೂ ಬೇರೆ ಬೇರೆ ವಿಷಯ. ಇಬ್ಬರೂ ತೇರ್ಗಡೆಯಾದೆವು. ಎರಡು ವರ್ಷ ಅಲ್ಲೇ ದುಡಿದು ಸಾಲದ ಬಹುಭಾಗ ತೀರಿಸಿ ಮರಳಿದೆವು.

ಈಗ ಊರಿಗೆ ಬಂದಾಗಲೆಲ್ಲ ವಿದೇಶಕ್ಕೆ ಹೊರಟ ಹುಡುಗ ಹುಡುಗಿಯರು ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಚಳಿಗೆ ಯಾವ ಕೋಟು, ಯಾವ ಬ್ಯಾಂಕು ಎಂದು ಕೇಳುತ್ತಾರೆ. ನಿಯಮ ಬದಲಾಗುತ್ತಲೇ ಇರುತ್ತವೆ. ನಾವು ಅಂಚೆ ಕಚೇರಿಯಿಂದ ತಂದ ಕಾರ್ಡು 2024ರ ಕೊನೆಗೆ ನಿಂತು, ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ಆಸ್ಪತ್ರೆಯ ಶುಲ್ಕ ವರ್ಷಕ್ಕೆ 776 ಪೌಂಡಿಗೆ ಏರಿದೆ. 2024ರ ಜನವರಿಯಿಂದ ನಮ್ಮಂಥ ಒಂದು ವರ್ಷದ ಓದಿನವರು ಹೆಂಡತಿ ಅಥವಾ ಗಂಡ, ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಆದ್ದರಿಂದ ನಮ್ಮ ಕಾಲದ ಲೆಕ್ಕವನ್ನು ನಂಬಬೇಡಿ, ಈಗಿನದನ್ನು ನೀವೇ ಓದಿ ಎನ್ನುತ್ತೇವೆ. ಸಹಿ ಹಾಕುವ ಮೊದಲು ಓದಿ. ಒಬ್ಬರೇ ಬರೆಯಬೇಕೋ ಕೂಡಿ ಬರೆಯಬಹುದೋ ಎಂದು ಪ್ರತಿ ಸಲ ಬಾಯಿಬಿಟ್ಟು ಕೇಳಿ. ಕರಡುಗಳನ್ನು ಎಸೆಯಬೇಡಿ. ಯಂತ್ರವೇ ಬರಹ ಬರೆದುಕೊಡುವ ಈ ಕಾಲದಲ್ಲಿ, ಇದು ನಾನೇ ಬರೆದದ್ದು ಎಂದು ತೋರಿಸಲು ಆ ಕರಡುಗಳೇ ಆಧಾರ. ತಪ್ಪಾದರೆ ವಿದ್ಯಾರ್ಥಿ ಸಂಘಕ್ಕೆ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿ. ಗೆಳೆಯನನ್ನು ಉಳಿಸಲು ಸುಳ್ಳು ಹೇಳಿದರೆ ಅವನೂ ಮುಳುಗುತ್ತಾನೆ.

ಕೊನೆಗೆ, ಜೊತೆ ಬಿಡಬೇಡಿ ಎಂದೂ ಹೇಳುತ್ತೇವೆ. ಆ ಚಳಿಗಾಲವನ್ನು ನಮ್ಮಲ್ಲಿ ಯಾರೊಬ್ಬನೂ ಒಂಟಿಯಾಗಿ ದಾಟುತ್ತಿರಲಿಲ್ಲ. ರೊಟ್ಟಿ, ಬಾಡಿಗೆ, ಕೋಟು, ಕಣ್ಣೀರು ಎಲ್ಲವನ್ನೂ ಹಂಚಿಕೊಳ್ಳಿ. ಓದಿದ್ದನ್ನು ರಾತ್ರಿಯಿಡೀ ಚರ್ಚಿಸಿ. ಬರೆಯುವಾಗ ಮಾತ್ರ ಎದ್ದು ಬೇರೆ ಮೇಜಿಗೆ ಹೋಗಿ.

ಅಂದಹಾಗೆ, ಈ ಬರಹವನ್ನು ನಾವಿಬ್ಬರೂ ಗ್ಯಾರೇಜಿನ ಕಟ್ಟೆಯ ಮೇಲೆ ಕೂಡಿಯೇ ಬರೆದಿದ್ದೇವೆ. ಹಾಗೆ ಮಾಡಬಹುದೇ ಎಂದು ಈ ಸಲ ಮೊದಲೇ ಸಂಪಾದಕರನ್ನು ಕೇಳಿದ್ದೆವು.